ಕಿಡ್ನಿ ಕ್ಯಾನ್ಸರ್ ಗಡ್ಡೆಯ ಪಕ್ಕದಲ್ಲಿ ಗ್ರಾನ್ಯುಲೋಮಾ ಇದೆ ಅಂತ ರಿಪೋರ್ಟ್ ಬಂದರೆ, ಟಿಬಿಯೂ ಇದೆ ಅಂತಲೇ?

ಹಾಗೇನಿಲ್ಲ. ಗ್ರಾನ್ಯುಲೋಮಾ ಅಂದರೆ ರೋಗನಿರೋಧಕ ಕೋಶಗಳು ಗುಂಪುಗೂಡಿ ಆಗುವ ಸಣ್ಣ ಗಂಟು. ಟಿಬಿ ಮೊದಲು ನೆನಪಾಗುವುದು ಸಹಜ. ಆದರೆ ಕ್ಯಾನ್ಸರ್ ಕೋಶಗಳ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಿದಾಗಲೂ ಗ್ರಾನ್ಯುಲೋಮಾ ಆಗಬಹುದು. ಹಲವು ಅಂಗಗಳಲ್ಲಿ ಗ್ರಾನ್ಯುಲೋಮಾ ಆಗುವ ಸಾರ್ಕಾಯ್ಡೋಸಿಸ್ ಕಾಯಿಲೆಯನ್ನು ಹೋಲುವುದರಿಂದ ಇದಕ್ಕೆ ಸಾರ್ಕಾಯ್ಡ್ ತರಹದ ಪ್ರತಿಕ್ರಿಯೆ ಅಂತಾರೆ. ಅಪರೂಪ, ಆದರೆ ಗೊತ್ತಿರುವ ವಿಷಯವೇ.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮ್ಯಾಕ್ರೋಫೇಜ್ ಕೋಶಗಳು (ರೋಗಾಣು, ಸತ್ತ ಕೋಶಗಳನ್ನು ನುಂಗುವ ರೋಗನಿರೋಧಕ ಕೋಶಗಳು) ಒತ್ತಾಗಿ ಗುಂಪುಗೂಡಿರುತ್ತವೆ, ನಡುವೆ ಹಲವು ನ್ಯೂಕ್ಲಿಯಸ್‌ಗಳ ದೈತ್ಯ ಕೋಶಗಳೂ ಕಾಣಬಹುದು. ಟಿಬಿಯಲ್ಲಿ ಸಾಮಾನ್ಯವಾಗಿ ಮಧ್ಯಭಾಗ ಸತ್ತು ಗಿಣ್ಣಿನಂತಾಗಿರುತ್ತದೆ, ಇಲ್ಲಿ ಹಾಗಿರುವುದಿಲ್ಲ. ಇಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ಟಿಬಿ, ಫಂಗಸ್‌ಗೆ ವಿಶೇಷ ಸ್ಟೇನ್ (ರೋಗಾಣು ಎದ್ದು ಕಾಣಿಸುವ ಬಣ್ಣ) ಹಾಕಿ ನೋಡಲೇಬೇಕು. ಸಾರ್ಕಾಯ್ಡೋಸಿಸ್ ಕಾಯಿಲೆಯೇ ಇದೆಯಾ ಅಂತಲೂ ಯೋಚಿಸಬೇಕು.

ನಿಜವಾದ ತೊಡಕು ದುಗ್ಧಗ್ರಂಥಿಗಳದ್ದು (ಲಿಂಫ್ ನೋಡ್). ಅಲ್ಲೂ ಈ ಪ್ರತಿಕ್ರಿಯೆ ಆದರೆ ಅವು ಊದಿಕೊಳ್ಳುತ್ತವೆ, ಪೆಟ್ ಸ್ಕ್ಯಾನ್‌ನಲ್ಲೂ ಹೊಳೆಯಬಹುದು. ಕ್ಯಾನ್ಸರ್ ಹರಡಿದೆ ಅಂತ ಅನ್ನಿಸಿಬಿಡುತ್ತದೆ! ಸುಮ್ನೆ ಸ್ಕ್ಯಾನ್ ನೋಡಿ ಸ್ಟೇಜ್ ಏರಿಸುವ ಬದಲು, ಸಾಧ್ಯವಿದ್ದರೆ ಬಯಾಪ್ಸಿ ಮಾಡುವುದೇ ಸರಿ.

ಇದಕ್ಕೆ ತದ್ವಿರುದ್ಧ ಗೊಂದಲವೂ ಇದೆ. ಕಲ್ಲು ಮತ್ತು ಹಳೆಯ ಸೋಂಕಿನಿಂದ ಬರುವ ಕ್ಸ್ಯಾಂಥೋಗ್ರಾನ್ಯುಲೋಮಾಟಸ್ ಪೈಲೋನೆಫ್ರೈಟಿಸ್ (ಒಂದು ಬಗೆಯ ಕಿಡ್ನಿ ಉರಿಯೂತ) ಕ್ಯಾನ್ಸರ್ ಅಲ್ಲ, ಆದರೆ ಸ್ಕ್ಯಾನ್‌ನಲ್ಲಿ ಥೇಟ್ ಗಡ್ಡೆಯಂತೆ ಕಾಣಬಹುದು. ಅಪರೂಪಕ್ಕೆ ಎರಡೂ ಒಂದೇ ಕಿಡ್ನಿಯಲ್ಲಿ ಸಿಗುವುದುಂಟು.