ನೇತ್ರಾಣಿ ವಿಡಿಯೋಗೆ 1000 ಲ್ಯೂಮೆನ್ ಟಾರ್ಚ್ ಸಾಕಾ?

ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದಲ್ಲಿ 12 ಮೀಟರ್ ಕೆಳಗೆ ತೆಗೆದ ವಿಡಿಯೋ ಎಲ್ಲ ನೀಲಿ ಬಂತು, 1000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಡೈವ್ ಟಾರ್ಚ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಟಾರ್ಚಿನ ಬೆಳಕು ಕಿರಿದು, ಮಧ್ಯೆ ಒಂದು ಬಿಳಿ ಬೊಟ್ಟು ಬಿದ್ದು ಸುತ್ತ ಮಂಕಾಗುತ್ತದೆ. 100 ಡಿಗ್ರಿಯಷ್ಟು ಅಗಲ ಹರಡುವ ವಿಡಿಯೋ ಲೈಟೇ ಬೇಕು, ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನೋ ಅಂಕ, 90ರ ಮೇಲಿರಲಿ. ಆದರೂ ಒಂದು ಮೀಟರ್ ಹತ್ತಿರ ಹೋದರೇನೇ ಕೆಂಪು ಚೆನ್ನಾಗಿ ಕಾಣೋದು. ಬೆಳಕು ಹೋಗುವಾಗಲೂ ವಾಪಸ್ ಬರುವಾಗಲೂ ನೀರು ಕೆಂಪನ್ನು ನುಂಗುತ್ತದೆ ಅಲ್ವಾ.

ಲೈಟನ್ನು ಲೆನ್ಸ್ ಪಕ್ಕದಲ್ಲೇ ಕೂರಿಸಬೇಡಿ. ನಾನು ಹಾಗೆ ಮಾಡಿ, ತೇಲುವ ಕಣಗಳೆಲ್ಲ ಹೊಳೆದು ಮೀನಿನ ಮುಂದೆ ಅಕ್ಕಿ ರವೆ ಚೆಲ್ಲಿದ ಹಾಗಿತ್ತು! ಎರಡು ಲೈಟ್ ತಗೊಂಡು, ಆರ್ಮ್ (ಲೈಟ್ ಹಿಡಿಯುವ ಕೋಲು) ಹಾಕಿ ಅಕ್ಕಪಕ್ಕ ದೂರ ಇಡಿ, ಸ್ವಲ್ಪ ಹೊರಕ್ಕೆ ತಿರುಗಿಸಿ. ಲೆನ್ಸಿಗೆ ಕೆಂಪು ಫಿಲ್ಟರ್ ಇದ್ದರೆ ಲೈಟ್ ಹಾಕುವಾಗ ತೆಗೆದುಬಿಡಿ, ಇಲ್ಲದಿದ್ದರೆ ಮೀನೆಲ್ಲ ಕುಂಕುಮ ಎರಚಿಕೊಂಡ ಹಾಗೆ ಕಾಣುತ್ತವೆ.