ಹಸು, ಕೋಳಿಗೆ ಕೊಡುವ ಆಂಟಿಬಯಾಟಿಕ್‌ನಿಂದ ನಮಗೇನು ತೊಂದರೆ? ಕುದಿಸಿದರೆ ಹೋಗುತ್ತಲ್ವಾ?

ನಮ್ಮ ಮನೆಯಲ್ಲಿ ನಾಲ್ಕು ಎಚ್‌ಎಫ್ ಅನ್ನುವ ವಿದೇಶಿ ತಳಿಯ ಹಸುಗಳಿವೆ, ಹಾಗಾಗಿ ಕೊಟ್ಟಿಗೆ ಕಡೆಯಿಂದಲೇ ಹೇಳುತ್ತೇನೆ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಔಷಧ ಪೂರ್ತಿ ಹೋಗುವುದಿಲ್ಲ.

ಇದು ನನಗೆ ತಿಳಿದದ್ದು ಮೊಸರಿನಿಂದ. ಒಂದು ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಮೊಲೆಯೊಳಗೆ ಆಂಟಿಬಯಾಟಿಕ್ ಟ್ಯೂಬ್ ಏರಿಸಿದೆವು. ಎರಡೇ ದಿನಕ್ಕೆ ಬಾವು ಇಳಿದು, ಗಡ್ಡೆಗಡ್ಡೆ ಬರುತ್ತಿದ್ದ ಹಾಲು ತಿಳಿಯಾಯಿತು. ಅಮ್ಮ ಅದನ್ನು ಕಾಯಿಸಿ ಎಂದಿನಂತೆ ಹೆಪ್ಪು ಹಾಕಿದರು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗೇ ಇದೆ. ಮಧ್ಯಾಹ್ನವಾದರೂ ಹೆಪ್ಪಾಗಲಿಲ್ಲ. ಮೊಸರು ಮಾಡುವುದೂ ಬ್ಯಾಕ್ಟೀರಿಯಾನೇ ಅಲ್ವಾ? ಹಾಲಿನಲ್ಲಿ ಉಳಿದ ಔಷಧ ಅದನ್ನು ಬೆಳೆಯಲು ಬಿಟ್ಟಿರಲಿಲ್ಲ. ಅದೇ ಹಾಲನ್ನು ನಾವು ಡೈರಿಗೂ ಹಾಕಿ ಬಂದಿದ್ದೆವು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಇದಕ್ಕೆ ನಿಯಮ ಇದೆ. ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದು ಅಂತ ಲೇಬಲ್ ಮೇಲೆ ಬರೆದಿರಬೇಕು. ಬರೆದಿಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. 2012ರಿಂದಲೇ ಇರುವ ನಿಯಮ ಇದು. ನಮ್ಮೂರಲ್ಲಿ ಕೇಳಿ ನೋಡಿದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಆದರೆ ನನ್ನ ಪ್ರಕಾರ ಹಾಲಿನಲ್ಲಿ ಉಳಿಯುವ ಔಷಧಕ್ಕಿಂತ ದೊಡ್ಡ ಭಯ ಬೇರೆ. ಬಾವು ಇಳಿಯಿತು ಅಂತ ನಾವು ಔಷಧವನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ಮೆತ್ತಗಿದ್ದ ರೋಗಾಣು ಸತ್ತಿರುತ್ತವೆ, ಔಷಧ ತಡೆದುಕೊಂಡವು ಉಳಿದು ಮರಿ ಹಾಕುತ್ತವೆ. ಅವು ಸಗಣಿಯಲ್ಲಿ ತಿಪ್ಪೆಗೆ, ಅಲ್ಲಿಂದ ಹೊಲಕ್ಕೆ, ಮಳೆ ಬಂದರೆ ಕೆರೆಗೆ ಹೋಗುತ್ತವೆ. ಹಾಲು ಕರೆಯುವವರ ಕೈಗೂ ಬರುತ್ತವೆ. ನೀವು ಒಂದು ಮಾತ್ರೆಯನ್ನೂ ನುಂಗದೇ ಇದ್ದರೂ ನಿಮ್ಮನ್ನು ತಲುಪಬಹುದು.

ಕೊಲಿಸ್ಟಿನ್ ಅನ್ನುವ ಆಂಟಿಬಯಾಟಿಕ್‌ನ ಕತೆ ಕೇಳಿ. ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ ಡಾಕ್ಟರುಗಳು ಅದನ್ನು ಬಹುಕಾಲ ಬದಿಗಿಟ್ಟಿದ್ದರು. ಬೇರೆ ಔಷಧಗಳು ಕೈಕೊಡತೊಡಗಿದ ಮೇಲೆ ಐಸಿಯುನಲ್ಲಿ ಕೊನೆಯ ಆಸರೆಯಾಗಿ ಮತ್ತೆ ತಂದರು. ಅಷ್ಟರಲ್ಲಿ ಅದೇ ಔಷಧವನ್ನು ಹಂದಿ, ಕೋಳಿಗಳು ಬೇಗ ಬೆಳೆಯಲಿ ಅಂತ ಮೇವಿಗೆ ಬೆರೆಸುತ್ತಿದ್ದರು. 2015ರಲ್ಲಿ ಚೀನಾದ ವಿಜ್ಞಾನಿಗಳು ಹಂದಿಗಳಲ್ಲಿ, ಹಸಿ ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಒಂದೇ ಜೀನ್ ಕಂಡರು. ಎಂಸಿಆರ್-1 ಅಂತ ಅದರ ಹೆಸರು. ಅದು ಇದ್ದರೆ ಕೊಲಿಸ್ಟಿನ್ ನಾಟುವುದಿಲ್ಲ. ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಕೈಯಿಂದ ಕೈಗೆ ಬೀಗದ ಕೈ ಕೊಟ್ಟ ಹಾಗೆ. ನಮ್ಮ ದೇಶ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಸಿ ಮಾರುವುದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಬೆಳೆಯಲಿ ಅಂತ ಮೇವಿಗೆ ಆಂಟಿಬಯಾಟಿಕ್ ಹಾಕುವುದನ್ನು ಸ್ವೀಡನ್ 1986ರಲ್ಲೇ ನಿಲ್ಲಿಸಿತ್ತು, ಇಡೀ ಯುರೋಪಿಯನ್ ಒಕ್ಕೂಟ 2006ರಲ್ಲಿ.

ಇಷ್ಟಕ್ಕೇ ರೈತರನ್ನು ಬೈಯಬೇಡಿ. ಹಸು ಮಲಗಿಬಿಟ್ಟರೆ ಮನೆಯೇ ಮಲಗುತ್ತದೆ. ಡಾಕ್ಟರು ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ಔಷಧದ ಅಂಗಡಿ ಮಾತ್ರ ಪಕ್ಕದಲ್ಲೇ ಇರುತ್ತದೆ.

ಈಗ ನಮ್ಮಲ್ಲಿ ಬಾವು ಶುರುವಾಗುವಾಗಲೇ ಲೋಳೆಸರ, ಅರಿಶಿನ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚುತ್ತೇವೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೂ ಇದನ್ನೇ ಹೇಳಿಕೊಡುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಇಳಿಯುತ್ತದೆ. ಇಳಿಯದಿದ್ದರೆ, ಜ್ವರ ಬಂದರೆ, ಡಾಕ್ಟರೇ ಬೇಕು. ಹಾಲನ್ನು ಲ್ಯಾಬಿಗೆ ಕೊಟ್ಟು ಯಾವ ಔಷಧ ನಾಟುತ್ತದೆ ಅಂತ ನೋಡಿ, ಹೇಳಿದಷ್ಟು ದಿನ ಪೂರ್ತಿ ಕೊಡುತ್ತೇವೆ. ಕೊಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಔಷಧ ಕೊಟ್ಟ ತಾರೀಕು ಬರೆಯುತ್ತೇವೆ. ಔಷಧ ಉಳಿದಿರುವ ಹಾಲನ್ನು ಕರುವಿಗೂ ಕುಡಿಸುವುದಿಲ್ಲ. ಕುಡಿಸಿದರೆ ಅದರ ಹೊಟ್ಟೆಯಲ್ಲೂ ಔಷಧ ತಡೆದುಕೊಳ್ಳುವ ರೋಗಾಣು ಬೆಳೆಯತೊಡಗುತ್ತವೆ.

ದಿನಕ್ಕೆ 12 ಲೀಟರ್ ಕೊಡುವ ಹಸು ಅಂದರೆ 7 ದಿನಕ್ಕೆ 84 ಲೀಟರ್ ಗುಂಡಿಗೆ ಚೆಲ್ಲಬೇಕು. ಇಎಂಐ ಕಟ್ಟುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಆ ಹಾಲಿನ ದುಡ್ಡಿನಲ್ಲಿ ಅರ್ಧವನ್ನಾದರೂ ಡೈರಿಗಳು ತುಂಬಿಕೊಟ್ಟರೆ, ಟ್ಯೂಬ್ ಹಾಕಿದ್ದನ್ನು ಮುಚ್ಚಿಡುವವರು ತಾವಾಗಿಯೇ ಬಂದು ಹೇಳುತ್ತಾರೆ.