ಬಂಡೆಯ ಪುಡಿಗೆ ಮಣ್ಣಿನ ಹೆಪ್ಪು

ಮಾನ್ಯ ಮೇಷ್ಟ್ರೇ,

1950ರಲ್ಲಿ ಬಂದ ರಾಬರ್ಟ್ ಹೈನ್‌ಲೈನ್ ಅವರ ‘ಫಾರ್ಮರ್ ಇನ್ ದ ಸ್ಕೈ’ ಕಾದಂಬರಿ ಓದಿ ಪತ್ರ ಬರೆದಿದ್ದೀರಿ. ಗುರುಗ್ರಹದ ಉಪಗ್ರಹ ಗ್ಯಾನಿಮೀಡ್‌ಗೆ ಹೋದವರು ಬಂಡೆ ಪುಡಿಮಾಡಿ ಹೊಲ ಮಾಡುತ್ತಾರಲ್ಲ, ಅದು ಆಗುವ ಮಾತೇ, ಶಾಲೆಯಲ್ಲಿ ಮಕ್ಕಳಿಗೆ ತೋರಿಸಬಹುದೇ ಎಂದು ಕೇಳಿದ್ದೀರಿ.

ಇಡೀ ಕಾದಂಬರಿಯಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಲ್ಲುವುದು ಆ ಭಾಗವೇ. ಬಂಡೆಯ ಪುಡಿಯಲ್ಲಿ ಪೊಟ್ಯಾಷಿಯಂ, ರಂಜಕ ಇರುತ್ತವೆ. ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಜೀವಾಣುಗಳಂತೂ ಇಲ್ಲ. ಅದಕ್ಕೇ ಕಥೆಯ ಹುಡುಗ ಬಿಲ್ ನೆರೆಯವರ ಹೊಲದ ಜೀವಂತ ಮಣ್ಣನ್ನು ತಂದು ಬೆರೆಸುತ್ತಾನೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಮ್ಮಲ್ಲಿ ಸಗಣಿ, ಗಂಜಲ ಕಲಸಿ ಮಾಡುವ ಜೀವಾಮೃತಕ್ಕೆ ಬದುವಿನ ಹಿಡಿ ಮಣ್ಣು ಹಾಕುವುದೂ ಇದಕ್ಕೇ. ದುಡಿಮೆ ಎಷ್ಟು ಅಂತೀರಾ? ಒಂದೆಕರೆಗೆ 30 ಸೆಂ.ಮೀ. ದಪ್ಪ ಹರಡಲು ಸುಮಾರು 1,800 ಟನ್ ಪುಡಿ ಬೇಕು.

ಲೆಕ್ಕ ತಪ್ಪಿರುವುದು ಬೇರೆ ಕಡೆ. ಗ್ಯಾನಿಮೀಡ್‌ನ ಮೇಲ್ಮೈಯೆಲ್ಲ ಬಹುಪಾಲು ಮಂಜುಗಡ್ಡೆ; ಬಂಡೆ ಇರುವುದು ನೂರಾರು ಕಿ.ಮೀ. ಕೆಳಗೆ. ಬಿಸಿಲು ನಮ್ಮದರ 27ನೇ ಒಂದು ಪಾಲು. ಕಥೆಯಂತೆ ಮಂಜುಗಡ್ಡೆಯ ನೀರನ್ನು ವಿಭಜಿಸಿ ಆಮ್ಲಜನಕ ತೆಗೆದರೂ, ಬರೀ ಆಮ್ಲಜನಕದ ಗಾಳಿಯಲ್ಲಿ ಹುರುಳಿ, ಅವರೆಯ ಬೇರುಗಂಟುಗಳಿಗೆ ಹಿಡಿಯಲು ಸಾರಜನಕವೇ ಸಿಗದು. ಗುರುವಿನ ಸುತ್ತಲಿನ ಅಪಾಯಕಾರಿ ವಿಕಿರಣದ ಸುಳಿವು ಸಿಕ್ಕಿದ್ದು 1955ರಲ್ಲಿ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯದ್ದು ಲೇಖಕರ ತಪ್ಪೆನ್ನಲಾಗದು.

ಇನ್ನು ನಿಮ್ಮ ಪ್ರಯೋಗ. ಜಲ್ಲಿ ಕ್ರಷರ್‌ನ ಪುಡಿ ತನ್ನಿ. ಮೊದಲು ನೀರು ಚಿಮುಕಿಸಿ, ಆಮೇಲೆ ಮುಟ್ಟಿ. ಒಣ ಧೂಳು ಶ್ವಾಸಕೋಶಕ್ಕೆ ಅಪಾಯ, ಮಕ್ಕಳನ್ನು ದೂರವಿಡಿ. ಹಿಟ್ಟಿನಂಥ ನುಣ್ಣನೆಯದನ್ನು ನೀರಲ್ಲಿ ತೊಳೆದು ಚೆಲ್ಲಿಬಿಡಿ. ಇಲ್ಲವಾದರೆ ಒಂದೆರಡು ಸಲ ನೀರು ಹಾಕುವಷ್ಟರಲ್ಲಿ ಗಾರೆಯಂತೆ ಬಿಗಿದು ಬೇರಿಗೆ ಗಾಳಿಯಾಡದು. ಮೂರು ಕುಂಡ ಸಾಕು: ಒಂದರಲ್ಲಿ ಬರೀ ಪುಡಿ, ಇನ್ನೊಂದರಲ್ಲಿ ಎಂಟು ಪಾಲು ಪುಡಿಗೆ ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಮತ್ತೊಂದರಲ್ಲಿ ಬರೀ ತೋಟದ ಮಣ್ಣು. ಮೂರಕ್ಕೂ ಅಷ್ಟೇ ನೀರು, ಅಷ್ಟೇ ಬಿಸಿಲು.

ಬಿತ್ತಲು ರಾಗಿಯೇ ಇರಲಿ. ಹುರುಳಿಯ ಬೇಳೆಯಲ್ಲಿ ಕೂಡಿಟ್ಟ ಆಹಾರ ಹೆಚ್ಚು, ಕೊರತೆ ತಡವಾಗಿ ಕಾಣುತ್ತದೆ. ಸಣ್ಣ ರಾಗಿಕಾಳಿನ ಬುತ್ತಿ ಬೇಗ ಮುಗಿಯುತ್ತದೆ. ಬರೀ ಪುಡಿಯಲ್ಲೂ ಮೊಳಕೆ ಬಂದೀತು. ಅದನ್ನೇ ಗೆಲುವೆಂದು ಬರೆದುಕೊಳ್ಳಬೇಡಿ. 2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಪೊಲೊ ತಂದ ಚಂದ್ರನ ಮಣ್ಣಲ್ಲಿ ಬಿತ್ತಿದಾಗಲೂ ಬೀಜಗಳು ಮೊಳೆತವು, ಆಮೇಲೆ ಬೇರು ಕುಂಠಿತವಾಯಿತು. ಮೂರು ವಾರ ಕಾಯಿರಿ, ಕೆಳಗಿನ ಎಲೆ ಹಳದಿಯಾಗುವುದನ್ನು ಗಮನಿಸಿ, ಆಮೇಲೆ ಗಿಡ ಕಿತ್ತು ತೊಳೆದು ಮೂರರ ಬೇರನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ.

– ಸಂಪಾದಕ